ಅಡುಗೆಯವರಿಲ್ಲದೆ ಗೋಕರ್ಣ: ರೊಟ್ಟಿ ತಿನ್ನೋ ಮಂದಿಗೆ ಕಡಲ ತೀರದಲ್ಲಿ ಊಟ ಹೊಂದಿಸಿದ ನನ್ನ ಅನುಭವ

ಕೊಪ್ಪಳ, ಗಂಗಾವತಿ ಕಡೆಯಿಂದ ಗೋಕರ್ಣಕ್ಕೆ ಟೂರ್ ಬಸ್ ಕಟ್ಟಿಕೊಂಡು ಹೋಗುವವರು ನಾವು ಬಹಳ ಜನ ಇದ್ದೇವೆ. ಎಲ್ಲರ ಪದ್ಧತಿಯೂ ಒಂದೇ. ಒಬ್ಬ ಅಡುಗೆಯವನು, ಇಬ್ಬರು ಕೈಯಾಳು, ಎರಡು ಸಿಲಿಂಡರ್, ಬಸ್ಸಿನ ಹಿಂದೆ ಪಾತ್ರೆ ರಾಶಿ. ಇದನ್ನೆಲ್ಲ ಬಿಟ್ಟು ಹೋಗುತ್ತೇನೆ, ಊಟ ಅಲ್ಲೇ ಹೊಂದಿಸುತ್ತೇನೆ ಅಂದಾಗ ಒಬ್ಬರೂ ಒಪ್ಪಲಿಲ್ಲ. "ನಮ್ಮ ಮಂದಿ ಕೊಬ್ರಿ ಎಣ್ಣಿ ವಾಸನಿ ಬಂದ್ರ ತಾಟು ದೂಡ್ತಾರ. ನೀ ದಾರಿ ತುಂಬ ಬೈಸ್ಕೊಂಡು ಬರ್ತಿ, ನೋಡು" ಅಂತ ಗಂಗಾವತಿಯ ಹಿರಿಯ ಟೂರ್ ಅಣ್ಣ ಒಬ್ಬರು ಮುಖದ ಮೇಲೇ ಹೇಳಿದರು.

ಈಗ ಏಳು ಟ್ರಿಪ್ ಆಗಿವೆ. ಕೊನೆಯ ಮೂರರಲ್ಲಿ ಊಟದ ಬಗ್ಗೆ ಒಂದು ಮಾತೂ ಬಂದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಲೆಕ್ಕ. ನನ್ನದು 33 ಸೀಟಿನ ಬಸ್. ಮೂರು ದಿನದ ಟ್ರಿಪ್‌ಗೆ ತಲೆಗೆ 3,200 ರೂಪಾಯಿ. ಹಳೆ ಪದ್ಧತಿಯಲ್ಲಿ ಅಡುಗೆಯವರೇ ಮೂರು ಸೀಟು ಹಿಡಿಯುತ್ತಿದ್ದರು. ಅಲ್ಲಿಗೇ 9,600 ಹೋಯಿತು. ಅವರ ಪಗಾರ ಸುಮಾರು 9,300. ರೇಷನ್ನು, ತರಕಾರಿ 9,500 ಹತ್ತಿರ. ಅಲ್ಲಿ ಅಡುಗೆ ಮಾಡೋಕೆ ಜಾಗದ ಬಾಡಿಗೆ ಎರಡು ಸಾವಿರ, ಗ್ಯಾಸ್ ಒಂದೂವರೆ. ಎಲ್ಲ ಸೇರಿಸಿದರೆ 32 ಸಾವಿರದ ಆಸುಪಾಸು. ಅದರ ಮೇಲೆ ಜನ ತುಂಬಿದ ಬಸ್ಸಿನಲ್ಲಿ ಸಿಲಿಂಡರ್ ಇಟ್ಟುಕೊಂಡು ಅರಬೈಲ್ ಘಟ್ಟ ಇಳಿಯೋದು. ಪ್ರತಿ ತಿರುವಿನಲ್ಲೂ ನನ್ನ ಎದೆ ಡವಡವ ಅನ್ನುತ್ತಿತ್ತು. ನಿಜ ಹೇಳಬೇಕೆಂದರೆ ಹಳೆ ಪದ್ಧತಿ ಬಿಡೋಕೆ ಅದೇ ದೊಡ್ಡ ಕಾರಣ.

ಮೊದಲನೇ ಟ್ರಿಪ್ ಪೂರಾ ಕೆಟ್ಟಿತು. ಓಂ ಬೀಚ್ ತೋರಿಸಿ, ಅಲ್ಲೇ ತೀರದ ಒಂದು ಹೋಟೆಲ್‌ಗೆ 32 ಜನರನ್ನು ಒಟ್ಟಿಗೆ ನುಗ್ಗಿಸಿದೆ. ಆ ಬೀಚ್ ಹೋಟೆಲ್‌ಗಳು ಹೊರದೇಶದವರ ಬಾಯಿಗೆ ತಕ್ಕಂತೆ ಬೆಳೆದವು. ಪಾಸ್ತಾ, ಹಮ್ಮಸ್ (ಬೇಯಿಸಿದ ಕಡಲೆ ಅರೆದಿದ್ದು), ಫಲಾಫೆಲ್ (ಕಡಲೆ ವಡೆಯಂಥದ್ದು) ಎಲ್ಲ ಸಿಗುತ್ತದೆ. ಇಬ್ಬರು ಕೂತು ಎರಡು ತಾಸು ಸಮುದ್ರ ನೋಡುವವರಿಗೆ ಬಹಳ ಚೆನ್ನಾಗಿವೆ. 32 ಜನರಿಗೆ ಅಲ್ಲ. ಒಬ್ಬರ ತಾಟು ಬಂದು ತಿಂದು ಮುಗಿದರೂ ಪಕ್ಕದವರದ್ದು ಬಂದಿರಲಿಲ್ಲ. ಕುಕನೂರು ಕಡೆಯ ಅಜ್ಜಿಯೊಬ್ಬರು ಹಮ್ಮಸ್ ನೋಡಿ, "ತಮ್ಮಾ, ಈ ಕಡ್ಲಿ ಹಿಟ್ಟಿಗೆ ವಗ್ಗರಣಿ ಹಾಕೂದು ಮರ್ತಾರೇನು?" ಅಂತ ಕೇಳಿದರು. ಆ ಹೊತ್ತಿನ ಬಿಲ್ಲು ಹತ್ತಿರ ಹತ್ತಿರ 9 ಸಾವಿರ. ಹಸಿವು ಮಾತ್ರ ಹಾಗೇ ಇತ್ತು.

ಎರಡನೇ ಟ್ರಿಪ್‌ಗೆ ರೊಟ್ಟಿ ಒಯ್ದೆ. ಖಡಕ್ ರೊಟ್ಟಿ, 500. ನಮ್ಮೂರಲ್ಲಿ ತಿಂಗಳಿಟ್ಟರೂ ಕಟುಂ ಅನ್ನೋ ರೊಟ್ಟಿ ಗೋಕರ್ಣದಲ್ಲಿ ಒಂದೇ ರಾತ್ರಿಗೆ ತೊಗಲಿನಂತಾಯಿತು. ಕಡಲ ಗಾಳಿಯ ತೇವ ಹಾಗಿದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ್ದು ತಪ್ಪಾಯಿತು. ಮೂರನೇ ದಿನಕ್ಕೆ ಬೂಸ್ಟು ಹಿಡಿದು ಇನ್ನೂರರಷ್ಟು ಎಸೆದೆ. ಆಮೇಲೆ ಬಟ್ಟೆ, ಪೇಪರ್, ಬುಟ್ಟಿ ಎಲ್ಲ ನೋಡಿದೆ. ಈಗ ಬಿಗಿ ಮುಚ್ಚಳದ ಸ್ಟೀಲ್ ಟ್ರಂಕ್. ತಳದಲ್ಲಿ ಒಂದು ವಸ್ತು ಹಾಕುತ್ತೇನೆ, ಅದು ತೇವ ಎಳೆದುಕೊಳ್ಳುತ್ತದೆ. ಏನು ಅಂತ ಇಲ್ಲಿ ಬರೆಯಲ್ಲ. ಎರಡು ಟ್ರಿಪ್ ಅದನ್ನೇ ಹುಡುಕಿದ್ದೇನೆ, ಅಷ್ಟಾದರೂ ನನ್ನ ಹತ್ತಿರ ಇರಲಿ.

ಮೂರನೆಯದು ಜುಲೈನಲ್ಲಿ. ಇದು ನನಗೆ ಮೊದಲೇ ಗೊತ್ತಿರಬೇಕಿತ್ತು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳು ಕಡಲಿಗೆ ಇಳಿಯೋ ಹಾಗಿಲ್ಲ. ಮೀನು ಮರಿ ಮಾಡೋ ಕಾಲ. "ಫ್ರೆಶ್ ಮೀನು ಅಣ್ಣಾ" ಅಂತ ಒಂದು ಕಡೆ ಕೊಟ್ಟರು. ಮಂಜುಗಡ್ಡೆಯಲ್ಲಿ ಎಷ್ಟು ದಿನ ಇತ್ತೋ ಏನೋ. ಆರು ಜನರಿಗೆ ರಾತ್ರಿಯೆಲ್ಲ ವಾಂತಿ. ಔಷಧಿಗೆ, ಆಟೋಗೆ ನಾನೇ ಕೊಟ್ಟೆ, ಎರಡೂವರೆ ಸಾವಿರ ಆಯಿತು. ಈಗ ಆ ಎರಡು ತಿಂಗಳು ಮೀನಿನೂಟ ಇಲ್ಲ ಅಂತ ಬುಕಿಂಗ್ ಮಾಡುವಾಗಲೇ ಹೇಳಿಬಿಡುತ್ತೇನೆ.

ಕಡೆಗೆ ಕೂಡಿಬಂದಿದ್ದು ವಾರದ ಲೆಕ್ಕದಿಂದ. ನಮ್ಮಲ್ಲಿ ಮೀನು, ಮಾಂಸ ತಿನ್ನುವವರೂ ಸೋಮವಾರ ಮುಟ್ಟಲ್ಲ. ಕೆಲವರು ಶನಿವಾರ, ಕೆಲವರು ಗುರುವಾರ. ದೇವರ ದರ್ಶನಕ್ಕೆ ಮುಂಚೆ ಅಂತೂ ಯಾರೂ ತಿನ್ನಲ್ಲ. ಲಿಂಗಾಯತ ಹಿರಿಯರು ಮೀನು ಬೇಯೋ ಮನೆಯ ಹತ್ತಿರಕ್ಕೂ ಬರಲ್ಲ. ಇಷ್ಟೆಲ್ಲ ಹೊಂದಬೇಕೆಂದರೆ ಒಂದೇ ದಾರಿ. ಶನಿವಾರ ದೇವರು, ಭಾನುವಾರ ಮೀನು, ಸೋಮವಾರ ಊರು.

ಶನಿವಾರ ಬೆಳಗಿನ ಜಾವ ನಾಲ್ಕಕ್ಕೆ ಕೊಪ್ಪಳ ಬಿಡುತ್ತೇನೆ. ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ಮೇಲೆ ಸುಮಾರು 280 ಕಿಲೋಮೀಟರ್. ನಾಷ್ಟಾ ದಾರಿಯಲ್ಲೇ. ಮಂದಿ ಮನೆಯಿಂದ ಕಟ್ಟಿಕೊಂಡು ಬಂದಿರುತ್ತಾರೆ, ಅದನ್ನು ಬಿಡಿಸೋಕೆ ಹೋಗಬೇಡಿ. ಹನ್ನೊಂದರ ಮೇಲೆ ಗೋಕರ್ಣ. ಸಮುದ್ರ ಸ್ನಾನ, ಕೋಟಿತೀರ್ಥ, ಗಣಪತಿ, ಆಮೇಲೆ ಮಹಾಬಲೇಶ್ವರ. ಮಧ್ಯಾಹ್ನ ದೇವಸ್ಥಾನದ ಪ್ರಸಾದದ ಊಟ. ಪ್ರಸಾದ ಅಂದರೆ ಯಾರೂ ಖಾರ ಕಮ್ಮಿ ಅನ್ನಲ್ಲ. ಹುಂಡಿಗೆ ನನ್ನ ಕಡೆಯಿಂದ ಒಂದು ಸಾವಿರ ಹಾಕುತ್ತೇನೆ. ಪುಕ್ಕಟೆ ಉಂಡು ಲಾಭ ಮಾಡೋದು ನನಗೆ ಸರಿ ಅನಿಸಲ್ಲ.

ಶನಿವಾರ ರಾತ್ರಿ ಪೇಟೆಯ ಒಂದು ಸಸ್ಯಾಹಾರಿ ಹೋಟೆಲ್. ಅನ್ನ, ಸಾರು, ಪಲ್ಯ, ಮಜ್ಜಿಗೆ ಅವರದ್ದು. ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ರಂಜಕ (ಕೆಂಪು ಮೆಣಸಿನಕಾಯಿ ಅರೆದ ಖಾರ) ನಮ್ಮದು. ಒಳಗೆ ನಮ್ಮ ರೊಟ್ಟಿ ತಿನ್ನೋಕೆ ಮಾಲೀಕರು ಮೊದಲು ಒಪ್ಪಲಿಲ್ಲ. ಪೂರ್ತಿ ಊಟದ ದುಡ್ಡೇ ಕೊಡುತ್ತೇನೆ ಅಂದಮೇಲೆ ಒಪ್ಪಿದರು. ಈಗ ಅವರ ಮನೆಗೇ ಪ್ರತಿ ಸಲ ಒಂದು ಡಬ್ಬಿ ಶೇಂಗಾ ಚಟ್ನಿ ಹೋಗುತ್ತದೆ.

ಬೆಳಗಿನ ತಿಂಡಿಗೆ ಮಾತ್ರ ಅಲ್ಲಿಯದ್ದನ್ನೇ ತಿನ್ನಿಸಿ. ಬನ್ಸ್, ನೀರುದೋಸೆ, ಇಡ್ಲಿ. ಬನ್ಸ್‌ಗೆ ಬಾಳೆಹಣ್ಣು ಕಲೆಸಿರುತ್ತಾರೆ, ಸಿಹಿ ಇರುತ್ತದೆ. ನಮ್ಮ ಹುಡುಗರು ನಾಲ್ಕು ನಾಲ್ಕು ತಿನ್ನುತ್ತಾರೆ.

ಈಗ ಭಾನುವಾರದ ಮೀನಿನೂಟ. ಗೋಕರ್ಣದ ಪಕ್ಕದಲ್ಲೇ ತದಡಿ ಬಂದರು. ಅಘನಾಶಿನಿ ಹೊಳೆ ಕಡಲು ಸೇರೋ ಜಾಗ. ಆ ಕಡೆ ಒಬ್ಬ ಅಕ್ಕ ಮನೆಯಲ್ಲೇ ಊಟ ಹಾಕುತ್ತಾರೆ. ಬೋರ್ಡ್ ಇಲ್ಲ. ಗುರುವಾರವೇ ಫೋನ್ ಮಾಡಿ ಎಷ್ಟು ಜನ ಅಂತ ಹೇಳಬೇಕು, ಅರ್ಧ ದುಡ್ಡು ಮುಂಗಡ ಕೊಡಬೇಕು. ಬಂಗಡೆ ಸಾರು, ಬಂಗಡೆ ಫ್ರೈ, ಅನ್ನ, ಸೋಲಕಡಿ (ಕೋಕಂ ಹುಳಿ, ಕಾಯಿಹಾಲು ಕೂಡಿಸಿದ್ದು). ತಲೆಗೆ 180ರ ಲೆಕ್ಕ. ಮೀನು ತಿನ್ನದವರಿಗೆ ಅದೇ ಹೊತ್ತಿಗೆ ಪೇಟೆಯ ಹೋಟೆಲ್‌ನಲ್ಲೇ ಎಲೆ ಹಾಕಿಸುತ್ತೇನೆ, ಬಸ್ಸು ಮೊದಲು ಅವರನ್ನು ಅಲ್ಲಿ ಇಳಿಸುತ್ತದೆ.

ಅಲ್ಲೂ ಮೊದಲು ಅನ್ನ ಸೇರಲಿಲ್ಲ. ಕುಚ್ಚಲಕ್ಕಿ ಅನ್ನ ನೋಡಿ "ಇದು ಬೆಂದಿಲ್ಲ" ಅಂತ ಬಿಟ್ಟು ಎದ್ದರು. ಈಗ ಗಂಗಾವತಿಯ ಸೋನಾ ಮಸೂರಿ ಎಂಟು ಕೆಜಿ ನಾನೇ ಒಯ್ಯುತ್ತೇನೆ. ಮೀನಿನ ಖಾರ ಕಮ್ಮಿ ಆಯಿತೆಂದು ಒಮ್ಮೆ ಗುಂಟೂರು ಮೆಣಸಿನ ಪುಡಿ ಒಯ್ದು ಅಕ್ಕನ ಕೈಗೆ ಕೊಟ್ಟೆ. ಅವರು ಮುಟ್ಟಲಿಲ್ಲ. "ನನ್ನ ಮಸಾಲೆಗೆ ಬ್ಯಾಡಗಿಯೇ ಸೈ. ನಿಮ್ಮವರಿಗೆ ಖಾರ ಬೇಕಾದ್ರೆ ಪಕ್ಕದಲ್ಲಿ ಇಡು ತಮ್ಮಾ" ಅಂದರು. ಅವರ ಮಾತೇ ಸರಿ. ಬ್ಯಾಡಗಿಯ ಬಣ್ಣ, ಹುಳಿ, ಕಾಯಿ ಹದವಾಗಿ ಕೂತಿದ್ದನ್ನು ಗುಂಟೂರು ಹಾಕಿ ಕೆಡಿಸಬಾರದು. ಈಗ ಪಕ್ಕದಲ್ಲಿ ರಂಜಕ ಇರುತ್ತದೆ. ಖಡಕ್ ರೊಟ್ಟಿ ಮುರಿದು ಬಂಗಡೆ ಸಾರಿನಲ್ಲಿ ನೆನೆಸಿ ತಿಂದು ನೋಡಿ. ಇದನ್ನು ನಮ್ಮ ಬಸ್ಸಿನ ಹೆಣ್ಣುಮಕ್ಕಳೇ ಶುರು ಮಾಡಿದರು. ಅಷ್ಟು ರುಚಿ ಯಾವ ದೊಡ್ಡ ಹೋಟೆಲ್‌ನಲ್ಲೂ ನನಗೆ ಸಿಕ್ಕಿಲ್ಲ.

ಬೆಳಚು ಅಂತ ಒಂದಿದೆ, ಹೊಳೆಯ ಚಿಪ್ಪು. ಅಘನಾಶಿನಿ ಅದಕ್ಕೆ ಹೆಸರುವಾಸಿ. ಸುಕ್ಕಾ ಮಾಡಿಸಿ ಕೊಟ್ಟೆ. ಚಿಪ್ಪು ನೋಡಿ ಹಿಂದೆ ಸರಿದವರು ಆಮೇಲೆ ಎರಡನೇ ಸಲ ಕೇಳಿದರು. ಆದರೆ ಒಬ್ಬರಿಗೆ ಮೈಯೆಲ್ಲ ತುರಿಕೆ ಎದ್ದಿತು. ಚಿಪ್ಪು, ಸಿಗಡಿ ಕೆಲವರ ಮೈಗೆ ಆಗಲ್ಲ. ಈಗ ಮೊದಲ ಸಲ ತಿನ್ನುವವರಿಗೆ ಒಂದೇ ಚಮಚ ಕೊಟ್ಟು ಕಾಯುತ್ತೇನೆ. ಹಿಂದೆ ತುರಿಕೆ ಎದ್ದವರಿಗೆ ಅದೂ ಇಲ್ಲ.

ಕುಡಿಯೋದರಲ್ಲಿ ಎಳನೀರು ಬಿಟ್ಟರೆ ಮುರುಗಲು, ಅಂದರೆ ಕೋಕಂ ಶರಬತ್ತು. ಬಿಸಿಲಿಗೆ ಬಹಳ ಒಳ್ಳೆಯದು. ಒಣಗಿದ ಮುರುಗಲ ಸಿಪ್ಪೆ ಎರಡು ಕೆಜಿ ಮನೆಗೆ ತಂದು, ಹುಣಸೆ ಬದಲು ಸಾರಿಗೆ ಹಾಕಿ ನೋಡಿದೆವು. ಸಾರಿಗೆ ಚೆನ್ನಾಗಿ ಹೊಂದಿತು. ಎಣ್ಣೆಗಾಯಿಗೆ ಹೊಂದಲಿಲ್ಲ, ಬಣ್ಣ ಕಪ್ಪಾಯಿತು. ನೀರಿಗೆ ದಿನಕ್ಕೆ 20 ಲೀಟರಿನ ಐದು ಕ್ಯಾನ್ ಬೇಕೇ ಬೇಕು. ಸಾರಾಯಿ, ಬಿಯರ್ ನನ್ನ ಬಸ್ಸಿನಲ್ಲಿ ಇಲ್ಲ. ಕುಡಿದು ಓಂ ಬೀಚಿನ ಬಂಡೆಗಳ ಮಗ್ಗುಲಲ್ಲಿ ನೀರಿಗೆ ಇಳಿಯೋದನ್ನು ನೋಡಿದ್ದೇನೆ. ಈ ಒಂದು ವಿಷಯದಲ್ಲಿ ಗಿರಾಕಿ ಹೋದರೂ ಚಿಂತೆ ಇಲ್ಲ.

ಈಗಿನ ಖರ್ಚು ನೆನಪಿನಿಂದ ಹೇಳುತ್ತೇನೆ. ರೊಟ್ಟಿ ನಾಲ್ಕು ಸಾವಿರ, ಚಟ್ನಿ ಒಂದೂವರೆ, ಎರಡು ದಿನದ ತಿಂಡಿ ನಾಲ್ಕು, ಭಾನುವಾರದ ಊಟ ಆರು, ಹೋಟೆಲ್ ನಾಲ್ಕು, ಸೋಮವಾರ ಯಲ್ಲಾಪುರದ ಊಟ ಮೂರೂವರೆ, ಹುಂಡಿಗೆ ಒಂದು. ಒಟ್ಟು 24 ಸಾವಿರ. ಟ್ರಿಪ್‌ಗೆ ಏಳೆಂಟು ಸಾವಿರ ಉಳಿಯುತ್ತದೆ. ಭಾನುವಾರ ರಾತ್ರಿ ಯಾರಿಗೂ ಜಾಸ್ತಿ ಹಸಿವಿರಲ್ಲ, ಉಳಿದ ರೊಟ್ಟಿಗೆ ಮೊಸರು ತರಿಸುತ್ತೇನೆ.

ಬೈಸ್ಕೊಂಡು ಬರ್ತಿ ಅಂದಿದ್ದ ಅಣ್ಣ ಹೋದ ತಿಂಗಳು ಫೋನ್ ಮಾಡಿ ತದಡಿ ಅಕ್ಕನ ನಂಬರ್ ಕೇಳಿದರು. ಒಂದು ಭಾನುವಾರಕ್ಕೆ ಒಂದೇ ಬಸ್ಸಿಗೆ ಬಡಿಸೋಕಾಗೋದು ಅವರ ಕೈಯಲ್ಲಿ. ನಂಬರ್ ಕೊಡಲಿಲ್ಲ. ಪೇಟೆ ಹೋಟೆಲ್ ಯಾವುದು ಅಂತ ಮಾತ್ರ ಹೇಳಿದ್ದೇನೆ, ಮಾಲೀಕರಿಗೆ ಶೇಂಗಾ ಚಟ್ನಿ ಒಯ್ಯೋದು ಮರೆಯಬೇಡಿ ಅಂತಲೂ.