ಹೊಸ ಮನೆಯ ಹುಲ್ಲುಹಾಸು: ಡಲ್ಲಸ್‌ನ ಉತ್ತರದ ಊರುಗಳಿಗೆ ಬಂದಿರುವ ಕನ್ನಡಿಗರಿಗೆ

ಡಲ್ಲಸ್ ನಗರದ ಉತ್ತರಕ್ಕಿರುವ ಫ್ರಿಸ್ಕೊ, ಮೆಕಿನ್ನಿ, ಪ್ರಾಸ್ಪರ್, ಸೆಲೈನಾ ಮುಂತಾದ ಊರುಗಳಲ್ಲಿ ಹೊಸ ಮನೆ ಕೊಳ್ಳುವವರಿಗೆ ಕೀಲಿಕೈ ಸಿಗುವ ಹೊತ್ತಿಗೆ ಮನೆಯ ಸುತ್ತ ಹಸಿರು ಹುಲ್ಲು ಹಾಸಿ ಸಿದ್ಧವಾಗಿರುತ್ತದೆ. ಬಹಳ ಸಲ ಅದನ್ನು ಹಾಸಿ ಒಂದೆರಡು ವಾರವೂ ಕಳೆದಿರುವುದಿಲ್ಲ. ಸಾಡ್ ಎಂದು ಕರೆಯುವ ಈ ಹುಲ್ಲನ್ನು ಹೊಲದಲ್ಲಿ ಬೆಳೆಸಿ, ತೆಳುವಾದ ಮಣ್ಣಿನ ಪದರದೊಂದಿಗೆ ತುಂಡುತುಂಡಾಗಿ ಎಬ್ಬಿಸಿ ತಂದಿರುತ್ತಾರೆ. ಹಾಗೆ ಎಬ್ಬಿಸುವಾಗ ಬೇರಿನ ಬಹುಪಾಲು ಹೊಲದಲ್ಲೇ ಉಳಿದುಹೋಗುತ್ತದೆ. ಆದ್ದರಿಂದ ನೀವು ಕಾಲಿಟ್ಟ ದಿನ ಕಾಣುವ ಹಸಿರು ಆ ಹೊಲದ ಹಸಿರೇ ಹೊರತು ಇನ್ನೂ ನಿಮ್ಮ ಅಂಗಳದ್ದಲ್ಲ. ಕೆಳಗಿನ ಮಣ್ಣಿಗೆ ಹೊಸ ಬೇರು ಇಳಿಯುವವರೆಗಿನ ನಾಲ್ಕಾರು ವಾರಗಳ ಆರೈಕೆಯೇ ಮುಂದಿನ ವರ್ಷಗಳ ಹುಲ್ಲಿನ ಆರೋಗ್ಯವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

ಈ ಭಾಗದಲ್ಲಿ ಹೆಚ್ಚಾಗಿ ಹಾಸುವುದು ಬರ್ಮುಡಾ ಹುಲ್ಲನ್ನು. ಇದು ನಮಗೆ ಹೊಸ ಗಿಡವೇನಲ್ಲ. ಗಣಪತಿಗೆ ಏರಿಸುವ ಗರಿಕೆಯೇ ಇದು. ಲಾನಿಗೆಂದು ಬೆಳೆಸುವ ಟಿಫ್‌ವೇ 419 ಎಂಬ ತಳಿ ಗರಿಕೆಗೂ ಆಫ್ರಿಕಾದ ಅದರ ದಾಯಾದಿ ಹುಲ್ಲೊಂದಕ್ಕೂ ಹುಟ್ಟಿದ ಮಿಶ್ರತಳಿಯಾಗಿದ್ದು, ಜಾರ್ಜಿಯಾ ರಾಜ್ಯದ ಟಿಫ್ಟನ್‌ನಲ್ಲಿ ಸಿದ್ಧಗೊಂಡು 1960ರಲ್ಲಿ ಬಳಕೆಗೆ ಬಂತು. ಮೊಳೆಯುವ ಬೀಜವನ್ನು ಅದು ಕೊಡುವುದಿಲ್ಲ; ಹೀಗಾಗಿ ಬೋಳಾದ ಜಾಗಕ್ಕೆ ಅಂಗಡಿಯಿಂದ ತಂದ ಬರ್ಮುಡಾ ಬೀಜ ಎರಚಿದರೆ ಬಣ್ಣವೂ ಎಸಳೂ ಬೇರೆಯಾದ ತೇಪೆಯೊಂದು ಕಾಣಿಸಿಕೊಳ್ಳುತ್ತದೆ. ಅಂಥ ಕಡೆ ಅದೇ ತಳಿಯ ಸಾಡ್ ತುಂಡು ಕೂರಿಸಬೇಕು, ಇಲ್ಲವೇ ಸುತ್ತಲಿನ ಹುಲ್ಲು ತಾನೇ ಹಬ್ಬಲು ಒಂದು ಬೇಸಿಗೆಯ ಅವಕಾಶ ಕೊಡಬೇಕು. ಗರಿಕೆಗೆ ಬಿಸಿಲು ಬೇಕೇ ಬೇಕು. ಎರಡು ಮಹಡಿಯ ಮನೆಗಳ ನಡುವಿನ ಇಕ್ಕಟ್ಟಾದ ಓಣಿಯಲ್ಲಿ ಅದು ವರ್ಷದೊಳಗೆ ಸೊರಗಿದರೆ ನಿಮ್ಮ ಆರೈಕೆಯನ್ನು ಹಳಿದುಕೊಳ್ಳಬೇಡಿ. ಅಲ್ಲಿ ನೆರಳನ್ನು ಅದಕ್ಕಿಂತ ಚೆನ್ನಾಗಿ ತಾಳುವ ಸೇಂಟ್ ಆಗಸ್ಟೀನ್ ಹುಲ್ಲು ಹಾಕಿಸಬಹುದು, ಅಥವಾ ಹುಲ್ಲಿನ ಆಸೆ ಬಿಟ್ಟು ಕಲ್ಲು ಹಾಸಬಹುದು. ನನ್ನ ಮಟ್ಟಿಗೆ ಕಲ್ಲೇ ವಾಸಿ.

ಕೆಳಗಿರುವ ಮಣ್ಣೂ ನಮಗೆ ಪರಿಚಿತವೇ. ಬ್ಲ್ಯಾಕ್‌ಲ್ಯಾಂಡ್ ಪ್ರೇರಿ ಎಂದು ಹೆಸರಾದ ಈ ಪಟ್ಟಿಯ ಕಪ್ಪು ಜೇಡಿಮಣ್ಣು, ಧಾರವಾಡ, ಗದಗ, ವಿಜಯಪುರಗಳ ಕಡೆಯವರು ಬಲ್ಲ ಎರೆ ಮಣ್ಣಿನ ವರ್ಗಕ್ಕೇ ಸೇರಿದ್ದು. ನೀರುಂಡರೆ ಉಬ್ಬುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರುಕು ಬಿಡುತ್ತದೆ, ನೀರನ್ನು ಬಹಳ ನಿಧಾನವಾಗಿ ಹೀರುತ್ತದೆ. ಅದರ ಮೇಲೆ ತಿಂಗಳುಗಟ್ಟಲೆ ಭಾರದ ಯಂತ್ರಗಳು ಓಡಾಡಿ ಗಟ್ಟಿಯಾಗಿರುವುದರಿಂದ ಎಳೆಯ ಬೇರಿಗೆ ಒಳಗಿಳಿಯುವುದು ಸುಲಭವಲ್ಲ. ನೀರಿನ ವಿಷಯದಲ್ಲಿ ಮುಂದೆ ಹೇಳುವುದೆಲ್ಲ ಈ ಮಣ್ಣಿನ ಗುಣವನ್ನು ಅವಲಂಬಿಸಿದೆ.

ಹೊಸಬರ ಹುಲ್ಲು ಇಲ್ಲಿ ಕೆಡುವುದು ನೀರಿನ ಕೊರತೆಯಿಂದ ಎಂದು ಹಲವರು ಭಾವಿಸುತ್ತಾರೆ. ನಾನು ಕಂಡಂತೆ, ಬಿಲ್ಡರ್ ಕಡೆಯವರು ಸ್ಪ್ರಿಂಕ್ಲರ್ ಟೈಮರ್‌ನಲ್ಲಿ ಇಟ್ಟುಹೋದ ದಿನಕ್ಕೆ ಮೂರು ಹೊತ್ತಿನ ಲೆಕ್ಕವನ್ನು ಯಾರೂ ಬದಲಿಸದೆ ಬಿಟ್ಟು ಕೆಟ್ಟ ಅಂಗಳಗಳೇ ಹೆಚ್ಚು. ಆ ಲೆಕ್ಕ ಮೊದಲ ವಾರ ಹತ್ತು ದಿನಕ್ಕೆ ಸರಿ, ಏಕೆಂದರೆ ಬೇಸಿಗೆಯಲ್ಲಿ ಬೇರಿಲ್ಲದ ಹುಲ್ಲು ಅರ್ಧ ದಿನದಲ್ಲೇ ಒಣಗಬಲ್ಲುದು, ಅದಕ್ಕೆ ಸಾಡ್ ಮತ್ತು ಅದರ ಕೆಳಗಿನ ಮಣ್ಣು ಎರಡೂ ಸದಾ ತೇವವಾಗಿರಬೇಕು. ನಾಟಿ ಮಾಡಿದ ಸಸಿಗೆ ಮೊದಲ ದಿನಗಳಲ್ಲಿ ಕೊಡುವ ಆರೈಕೆಯೇ ಇದು. ಎರಡನೆಯ ವಾರದಲ್ಲಿ ದಿನಕ್ಕೆ ಒಂದು ಹೊತ್ತಿಗೆ, ಮೂರನೆಯ ವಾರದಲ್ಲಿ ದಿನ ಬಿಟ್ಟು ದಿನಕ್ಕೆ, ಆಮೇಲೆ ವಾರಕ್ಕೆ ಎರಡು ಸಲಕ್ಕೆ ಇಳಿಸುತ್ತಾ, ಪ್ರತಿ ಸಲವೂ ನೀರು ಹಿಂದಿನದಕ್ಕಿಂತ ಆಳಕ್ಕೆ ಹೋಗುವಂತೆ ನೋಡಿಕೊಳ್ಳಬೇಕು. ಮೇಲೆಯೇ ನೀರು ಸಿಗುತ್ತಿದ್ದರೆ ಬೇರು ಕೆಳಗಿಳಿಯುವ ಗೋಜಿಗೆ ಹೋಗುವುದಿಲ್ಲ, ಬೆಚ್ಚಗಿನ ರಾತ್ರಿಗಳಲ್ಲಿ ಶಿಲೀಂಧ್ರ ಹತ್ತಿಕೊಳ್ಳುತ್ತದೆ. ಚೆನ್ನಾಗಿ ಬೇರೂರಿದ ಮೇಲೆ, ಮಳೆಯೂ ಸೇರಿ ವಾರಕ್ಕೆ ಸುಮಾರು ಒಂದು ಅಂಗುಲ ನೀರು ಸಾಕು.

ಆದರೆ ಈ ವಾರಗಳ ಲೆಕ್ಕಕ್ಕಿಂತ ಕೈಯ ಪರೀಕ್ಷೆಯೇ ನಂಬಲರ್ಹ. ಒಂದು ತುಂಡಿನ ಮೂಲೆಯನ್ನು ಮೆಲ್ಲನೆ ಎತ್ತಿ ಕೆಳಗಿನ ಮಣ್ಣಿನ ಹದ ನೋಡಿ: ಬೆರಳಿಗೆ ತಂಪಾಗಿ ಅಂಟಿದರೆ ಸರಿ, ಪುಡಿಯಾದರೆ ನೀರು ಕಡಿಮೆ, ಕೆಸರಾಗಿ ವಾಸನೆ ಬಂದರೆ ನೀರು ಹೆಚ್ಚು. ಮೂಲೆ ಎತ್ತಲು ಬಾರದೆ ನೆಲ ಹಿಡಿದುಕೊಂಡಿದ್ದರೆ ಬೇರು ಇಳಿದಿದೆ ಎಂದರ್ಥ, ಆಗ ಮತ್ತೆ ಮತ್ತೆ ಎಳೆದು ನೋಡಬೇಡಿ. ಹುಲ್ಲು ನೀಲಿ ಬೆರೆತ ಬೂದು ಬಣ್ಣಕ್ಕೆ ತಿರುಗಿ, ನಡೆದ ಹೆಜ್ಜೆಗುರುತು ಹಾಗೆಯೇ ಉಳಿದರೆ ಅದು ಬಾಯಾರಿಕೆಯ ಗುರುತು. ಮೊದಲು ಒಣಗುವುದು ಡ್ರೈವ್‌ವೇ ಮತ್ತು ಕಾಲುದಾರಿಯ ಕಾಂಕ್ರೀಟಿಗೆ ತಾಗಿದ ಅಂಚು, ಪಡುವಣ ಬಿಸಿಲು ಬೀಳುವ ಬದಿ, ತುಂಡುಗಳ ನಡುವಿನ ಸಂದು. ಅಲ್ಲಿಗೆ ಮಾತ್ರ ಕೈಯಲ್ಲಿ ಪೈಪು ಹಿಡಿದು ನೀರು ಬಿಡುವುದು ಇಡೀ ಅಂಗಳಕ್ಕೆ ಇನ್ನೊಂದು ಸುತ್ತು ಹಾಯಿಸುವುದಕ್ಕಿಂತ ಜಾಣತನ.

ಜೇಡಿಮಣ್ಣಿಗೆ ಒಂದೇ ಸಮನೆ ಇಪ್ಪತ್ತು ನಿಮಿಷ ನೀರು ಬಿಟ್ಟರೆ ಅದರಲ್ಲಿ ಬಹುಪಾಲು ರಸ್ತೆಯ ಚರಂಡಿ ಸೇರುತ್ತದೆ. ಆರೇಳು ನಿಮಿಷ ಬಿಟ್ಟು, ಒಂದು ಗಂಟೆ ಇಂಗಲು ಕೊಟ್ಟು, ಮತ್ತೆ ಅಷ್ಟೇ ಹೊತ್ತು ಬಿಡುವಂತೆ ಟೈಮರ್ ಹೊಂದಿಸಿ. ಯಾವ ವಲಯದಲ್ಲಿ ಎಷ್ಟು ನೀರು ಬೀಳುತ್ತಿದೆ ಎಂಬುದನ್ನು ತಿಳಿಯಲು ಖಾಲಿ ಡಬ್ಬಿಗಳನ್ನು ಅಲ್ಲಲ್ಲಿ ಇಟ್ಟು ಅಳೆದು ನೋಡಿ. ನೆಲದಿಂದ ಎದ್ದು ಒಂದೇ ಸಮ ಚಿಮ್ಮುವ ತಲೆಗಳು ಕಡಿಮೆ ಹೊತ್ತಿನಲ್ಲಿ ಹೆಚ್ಚು ನೀರು ಸುರಿಸುತ್ತವೆ, ಸುತ್ತುವ ತಲೆಗಳು ನಿಧಾನ. ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಅಗ್ರಿಲೈಫ್ ವಿಸ್ತರಣಾ ವಿಭಾಗವು ನಡೆಸುವ ವಾಟರ್‌ಮೈಯಾರ್ಡ್ ಸೇವೆಗೆ ಹೆಸರು ನೋಂದಾಯಿಸಿದರೆ, ಆ ವಾರದ ಹವೆಗೆ ತಕ್ಕಂತೆ ಎಷ್ಟು ನೀರು ಬೇಕೆಂಬ ಸಲಹೆ ಉಚಿತವಾಗಿ ಬರುತ್ತದೆ. ಹುಲ್ಲು ಬೇರೂರಿದ ಮೇಲೆ ಇದಕ್ಕಿಂತ ಒಳ್ಳೆಯ ಮಾರ್ಗದರ್ಶನ ನನಗೆ ಕಂಡಿಲ್ಲ.

ಇಲ್ಲಿನ ಬಹುತೇಕ ನಗರಗಳು ಸ್ಪ್ರಿಂಕ್ಲರ್ ಬಳಕೆಯನ್ನು ವಾರಕ್ಕೆ ಇಂತಿಷ್ಟೇ ದಿನವೆಂದು ಮಿತಿಗೊಳಿಸಿ, ಬೇಸಿಗೆಯಲ್ಲಿ ಹಗಲಿನ ಬಿಸಿಲು ಹೊತ್ತಿನಲ್ಲಿ ನಿಷೇಧಿಸಿರುತ್ತವೆ. ಹೊಸ ಸಾಡ್‌ಗೆ ವಿನಾಯಿತಿ ಇರುತ್ತದೆ, ಆದರೆ ಹಲವು ಕಡೆ ಅದನ್ನು ಅರ್ಜಿ ಹಾಕಿ ಪಡೆಯಬೇಕು. ಮನೆ ನೋಂದಣಿಯಾದ ವಾರವೇ ನಗರದ ಜಲ ವಿಭಾಗಕ್ಕೆ ಕರೆ ಮಾಡಿ ಕೇಳಿ, ಅನುಮತಿಯ ಪ್ರತಿಯನ್ನು ಇಟ್ಟುಕೊಳ್ಳಿ. ಕೀಲಿಕೈ ಪಡೆಯುವ ಮುನ್ನ ಮನೆ ತೋರಿಸುವ ದಿನ ಹುಲ್ಲಿನ ಸ್ಥಿತಿಯ ಚಿತ್ರಗಳನ್ನು ದಿನಾಂಕದೊಂದಿಗೆ ತೆಗೆದಿಡುವುದೂ ಒಳ್ಳೆಯದು, ಏಕೆಂದರೆ ಒಣಗಿದ ತುಂಡುಗಳನ್ನು ಬದಲಿಸಿಕೊಡುವ ಹೊಣೆ ಸಾಮಾನ್ಯವಾಗಿ ಆ ದಿನಕ್ಕೇ ಮುಗಿಯುತ್ತದೆ.

ಬೇರು ಹಿಡಿಯುವವರೆಗೆ ಹುಲ್ಲಿನ ಮೇಲೆ ಓಡಾಟ ಬೇಡ. ನಮ್ಮವರಲ್ಲಿ ಮನೆಗೆ ಬಂದ ಹದಿನೈದು ದಿನದೊಳಗೇ ಗೃಹಪ್ರವೇಶ ಇಟ್ಟುಕೊಂಡು, ಊಟದ ಮೇಜುಗಳನ್ನು ಹಿತ್ತಲಿನಲ್ಲಿ ಹಾಕಿಸಿ, ಮಕ್ಕಳ ಕ್ರಿಕೆಟ್ಟಿಗೂ ಅದೇ ಜಾಗ ಬಿಡುವುದು ರೂಢಿ. ಮುಹೂರ್ತವನ್ನು ಮುಂದಕ್ಕೆ ಹಾಕಿ ಎನ್ನುತ್ತಿಲ್ಲ, ಊಟವನ್ನು ಗರಾಜಿನಲ್ಲಿ ಬಡಿಸಿ ಎನ್ನುತ್ತಿದ್ದೇನೆ. ಒದ್ದೆ ಮಣ್ಣಿನ ಮೇಲೆ ನೂರು ಜನ ಓಡಾಡಿದರೆ ಆಗುವ ತಗ್ಗುಗಳು ಒಣಗಿದ ಮೇಲೆ ಹಾಗೆಯೇ ಗಟ್ಟಿಯಾಗುತ್ತವೆ.

ಹುಲ್ಲು ನೆಲ ಹಿಡಿದ ಮೇಲೆ, ಮಣ್ಣು ಒಂದೆರಡು ದಿನ ಆರಲು ಬಿಟ್ಟು ಮೊದಲ ಸಲ ಕತ್ತರಿಸಿ. ಮೊನಚಾದ ಅಲಗು ಇರಲಿ, ಒಂದು ಸಲಕ್ಕೆ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ಬರ್ಮುಡಾವನ್ನು ಒಂದರಿಂದ ಎರಡು ಅಂಗುಲದಲ್ಲಿ, ಸೇಂಟ್ ಆಗಸ್ಟೀನನ್ನು ಮೂರು ಅಂಗುಲದ ಆಸುಪಾಸಿನಲ್ಲಿ ಇಡಬಹುದು. ಸಾರಜನಕದ ಗೊಬ್ಬರಕ್ಕೆ ಒಂದು ತಿಂಗಳಾದರೂ ಕಾಯಿರಿ.

ಕಳೆನಾಶಕದ ವಿಷಯದಲ್ಲಿ ಎರಡು ಪಟ್ಟು ಎಚ್ಚರ ಬೇಕು. ಬೀಜ ಮೊಳೆಯದಂತೆ ಮೊದಲೇ ಹಾಕುವ ಪುಡಿಯು ಎಳೆಯ ಬೇರಿನ ಬೆಳವಣಿಗೆಯನ್ನೂ ತಡೆಯುತ್ತದೆ, ಆದ್ದರಿಂದ ಹೊಸ ಸಾಡ್ ಪೂರ್ತಿ ಬೇರೂರುವವರೆಗೆ ಅದು ಬೇಡ. ಗೊಬ್ಬರ ಮತ್ತು ಕಳೆನಾಶಕ ಎರಡೂ ಬೆರೆತ ಚೀಲಗಳಲ್ಲಿ ಕೆಲವಕ್ಕೆ ಅಟ್ರಾಜಿನ್ ಸೇರಿಸಿರುತ್ತಾರೆ. ಸೇಂಟ್ ಆಗಸ್ಟೀನ್ ಅದನ್ನು ತಾಳಿಕೊಂಡರೂ ಹಸಿರಾಗಿರುವ ಬರ್ಮುಡಾ ಸುಟ್ಟುಹೋಗುತ್ತದೆ, ಆದಕಾರಣ ಚೀಲದ ಮೇಲೆ ನಿಮ್ಮ ಹುಲ್ಲಿನ ಹೆಸರಿದೆಯೇ ಎಂದು ಓದಿಯೇ ಕೊಳ್ಳಿ. ಔಷಧಿ ಹಾಕಿದ ಅಂಗಳದ ಗರಿಕೆಯನ್ನು ಚೌತಿಯ ಪೂಜೆಗೆ ಕೀಳಬೇಡಿ. ಒಂದು ಕುಂಡದಲ್ಲಿ ನಾಲ್ಕು ಎಳೆ ಬೇರೆಯಾಗಿ ಬೆಳೆಸಿಕೊಂಡರೆ ಸಾಕು.

ಹಿತ್ತಲಿನ ಮಣ್ಣಿನ ಇಳಿಜಾರು ಮನೆಯಿಂದ ಹೊರಕ್ಕೆ ಇರುವುದು ಈ ಉಬ್ಬುವ ಮಣ್ಣಿನಲ್ಲಿ ಬಹಳ ಮುಖ್ಯ. ತಗ್ಗು ತುಂಬಿಸಲೆಂದು ಗೋಡೆಯ ಬುಡಕ್ಕೆ ಮಣ್ಣು ಏರಿಸಿ ಇಟ್ಟಿಗೆಯ ಕೆಳಸಾಲಿನ ಸಣ್ಣ ಕಂಡಿಗಳನ್ನು ಮುಚ್ಚಬೇಡಿ, ಎರಡು ಮನೆಗಳ ನಡುವೆ ನೀರು ಹರಿಯಲು ಬಿಟ್ಟ ತಗ್ಗಿಗೆ ಅಡ್ಡವಾಗಿ ತರಕಾರಿ ಮಡಿ ಕಟ್ಟಬೇಡಿ.

ಚಳಿಗಾಲದಲ್ಲಿ ಮನೆಗೆ ಬಂದವರು ಇನ್ನೊಂದು ಬಗೆಯ ಗೊಂದಲಕ್ಕೆ ಸಿಲುಕುತ್ತಾರೆ. ಮೊದಲ ಸಲ ಇಬ್ಬನಿ ಹೆಪ್ಪುಗಟ್ಟಿದ ಮೇಲೆ ಬರ್ಮುಡಾ ಒಣಹುಲ್ಲಿನ ಬಣ್ಣಕ್ಕೆ ತಿರುಗಿ ಮಾರ್ಚ್ ಅಂತ್ಯ ಅಥವಾ ಏಪ್ರಿಲ್‌ವರೆಗೆ ಹಾಗೆಯೇ ಇರುತ್ತದೆ; ಅದು ಸತ್ತದ್ದಲ್ಲ, ನಿದ್ರಿಸುತ್ತಿದೆ. ಅಂಥ ಹೊಸ ಹುಲ್ಲಿಗೆ ದಿನವೂ ನೀರು ಬೇಡ, ಮಣ್ಣು ಪೂರ್ತಿ ಒಣಗದಂತೆ ನೋಡಿಕೊಂಡರೆ ಆಯಿತು, ಹೆಪ್ಪುಗಟ್ಟುವ ರಾತ್ರಿಗಳಲ್ಲಿ ಸ್ಪ್ರಿಂಕ್ಲರ್ ಆರಿಸಿರಬೇಕು. ಇದರಲ್ಲಿ ಹಣದ ವಿಷಯವೂ ಇದೆ: ಹಲವು ನಗರಗಳು ಚಳಿಗಾಲದ ಕೆಲವು ತಿಂಗಳುಗಳ ನೀರಿನ ಬಳಕೆಯ ಸರಾಸರಿಯನ್ನೇ ಹಿಡಿದು ಮುಂದಿನ ಇಡೀ ವರ್ಷದ ಒಳಚರಂಡಿ ಶುಲ್ಕವನ್ನು ನಿಗದಿಪಡಿಸುತ್ತವೆ. ಡಿಸೆಂಬರ್‌ನಲ್ಲಿ ಹೊಸ ಸಾಡ್‌ಗೆ ಧಾರಾಳವಾಗಿ ನೀರು ಹಾಯಿಸಿದವರು ವರ್ಷವಿಡೀ ಹೆಚ್ಚಿನ ಬಿಲ್ ಕಟ್ಟಬೇಕಾಗಬಹುದು, ಆದ್ದರಿಂದ ನೀರಿನ ವಿನಾಯಿತಿಗೆ ಕರೆ ಮಾಡುವಾಗಲೇ ಈ ಸರಾಸರಿಯನ್ನು ಹೊಸ ಮನೆಗೆ ಹೇಗೆ ಲೆಕ್ಕ ಹಾಕುತ್ತೀರಿ ಎಂದೂ ಕೇಳಿಬಿಡಿ.