ಕೆಲಸಕ್ಕೆ ಬಿಡುವು ಬೇಕಾ? ರಾಜೀನಾಮೆ ಕಳಿಸುವ ಮುಂಚೆ ಇಷ್ಟು ಮಾಡಿ

ನನ್ನ ಇ-ಮೇಲ್‌ನ ಡ್ರಾಫ್ಟ್‌ಗಳಲ್ಲಿ ಒಂದು ರಾಜೀನಾಮೆ ಪತ್ರ 7 ತಿಂಗಳು ಹಾಗೇ ಇತ್ತು. ರಾತ್ರಿ ತೆರೆಯುತ್ತಿದ್ದೆ, ಒಂದು ಪದ ತಿದ್ದುತ್ತಿದ್ದೆ, ಮುಚ್ಚುತ್ತಿದ್ದೆ. ಬೆಳಿಗ್ಗೆ ಎದ್ದು ಅದೇ ಕೆಲಸಕ್ಕೆ ಹೋಗುತ್ತಿದ್ದೆ. ಅಷ್ಟೂ ದಿನ ಕೆಲಸವನ್ನೂ ನೆಟ್ಟಗೆ ಮಾಡಲಿಲ್ಲ, ಬಿಡುವನ್ನೂ ತೆಗೆದುಕೊಳ್ಳಲಿಲ್ಲ. ಕೊನೆಗೆ 8 ತಿಂಗಳು ಬಿಡುವು ತೆಗೆದುಕೊಂಡೆ, ಒಳ್ಳೆಯದೇ ಆಯಿತು. ಆದರೆ ಹೇಗೆ ನಿರ್ಧರಿಸಬೇಕು ಅಂತ ಮೊದಲೇ ಗೊತ್ತಿದ್ದರೆ ಅಷ್ಟೊಂದು ಒದ್ದಾಡಬೇಕಿರಲಿಲ್ಲ. ಈಗ ಅದೇ ಒದ್ದಾಟದಲ್ಲಿ ಇರುವವರಿಗಾಗಿ ಇದನ್ನು ಬರೆದಿದ್ದೇನೆ.

ಹೆಜ್ಜೆ 1: ಯಾವುದರಿಂದ ಬಿಡುವು ಬೇಕು?

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಎರಡು ವಾರ, ದಿನಾ ಸಂಜೆ ಒಂದೇ ಸಾಲು ಬರೆಯಿರಿ: ಇವತ್ತು ನನ್ನನ್ನು ಜಾಸ್ತಿ ಸುಸ್ತು ಮಾಡಿದ್ದು ಏನು? ಯೋಚನೆ ಮಾಡಿ ಬರೆಯಬೇಡಿ, ಮೊದಲು ತೋಚಿದ್ದನ್ನು ಬರೆಯಿರಿ.

ನಾನು ಬರೆದ 14 ಸಾಲುಗಳಲ್ಲಿ ಕೆಲಸದ ಮಾತು ಇದ್ದದ್ದು ನಾಲ್ಕರಲ್ಲಿ ಮಾತ್ರ. ಉಳಿದದ್ದೆಲ್ಲ ಅಮ್ಮನ ಆಸ್ಪತ್ರೆ ಓಡಾಟ, ನಿದ್ದೆ ಇಲ್ಲದ್ದು, ಮಧ್ಯಾಹ್ನದ ಮೀಟಿಂಗ್ ಬಿಟ್ಟು ಡಾಕ್ಟರ ಬಳಿ ಓಡಿದ್ದು. ಕೆಲಸ ಸಾಕಾಗಿದೆ ಅಂದುಕೊಂಡಿದ್ದೆ. ನಿಜಕ್ಕೂ ನನಗೆ ಬೇಕಿದ್ದದ್ದು ಹಗಲು ಹೊತ್ತಿನಲ್ಲಿ ಸಮಯ. ಇದು ಗೊತ್ತಾದ ಮೇಲೆ ಉಳಿದ ಲೆಕ್ಕವೆಲ್ಲ ಸುಲಭವಾಯಿತು.

ನಿಮ್ಮ ಪಟ್ಟಿಯಲ್ಲಿ ಒಬ್ಬರೇ ಮೇಲಧಿಕಾರಿಯ ಹೆಸರು ಮತ್ತೆ ಮತ್ತೆ ಬಂದರೆ, ಬೇರೆ ತಂಡಕ್ಕೋ ಬೇರೆ ಕೆಲಸಕ್ಕೋ ಹೋಗುವುದು ವಾಸಿ. ಬಿಡುವು ಮುಗಿಸಿ ಬಂದಾಗ ಅವರು ಅಲ್ಲೇ ಇರುತ್ತಾರೆ, ಅಲ್ವಾ?

ಇನ್ನೊಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ‘ಬರ್ನ್‌ಔಟ್’ ಅನ್ನುವುದನ್ನು ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದು ವಿವರಿಸಿತು. ಅದನ್ನು ಕಾಯಿಲೆ ಎಂದು ಕರೆಯಲಿಲ್ಲ. ಮೂರು ಲಕ್ಷಣ ಹೇಳಿತು: ಮೈಮನದ ಶಕ್ತಿಯೇ ಬತ್ತಿಹೋಗುವುದು, ಕೆಲಸದ ಮೇಲೆ ಬೇಸರ ಹುಟ್ಟಿ ಮನಸ್ಸು ದೂರವಾಗುವುದು, ಎಷ್ಟು ಮಾಡಿದರೂ ಏನೂ ಆಗುತ್ತಿಲ್ಲ ಅನ್ನಿಸುವುದು. ಇವು ಕೆಲಸಕ್ಕೆ ಸಂಬಂಧಿಸಿದವು. ರಜೆಯ ದಿನವೂ ಯಾವುದರಲ್ಲೂ ಮನಸ್ಸಿಲ್ಲ, ಊಟ ನಿದ್ದೆ ಎರಡೂ ಕೆಟ್ಟಿದೆ ಅಂದರೆ ದಯವಿಟ್ಟು ಮೊದಲು ವೈದ್ಯರನ್ನು ನೋಡಿ. ರಾಜೀನಾಮೆ ಮಾತು ಆಮೇಲೆ. ಅಂಥ ಹೊತ್ತಲ್ಲಿ ತೆಗೆದುಕೊಂಡ ದೊಡ್ಡ ನಿರ್ಧಾರ ಹಿಂದಕ್ಕೆ ಪಡೆಯುವುದು ಕಷ್ಟ.

ಹೆಜ್ಜೆ 2: ಬಿಡುವೆಂದರೆ ರಾಜೀನಾಮೆಯೇ ಆಗಬೇಕಿಲ್ಲ

ದೀರ್ಘ ರಜೆ ಹೊಸ ವಿಷಯವೇನಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯ 1880ರಲ್ಲೇ ತನ್ನ ಪ್ರಾಧ್ಯಾಪಕರಿಗೆ ‘ಸಬ್ಯಾಟಿಕಲ್’ ರಜೆ ಶುರುಮಾಡಿತ್ತು. ಬೆಲ್ಜಿಯಂ 1985ರಲ್ಲಿ ಇದಕ್ಕೆ ಕಾನೂನನ್ನೇ ಮಾಡಿತು. ಫಿನ್ಲೆಂಡ್‌ನಲ್ಲಿ 1996ರಿಂದ 2024ರವರೆಗೆ ಒಂದು ಏರ್ಪಾಡಿತ್ತು: ಒಬ್ಬರು ದೀರ್ಘ ರಜೆಗೆ ಹೋದರೆ, ಆ ಅವಧಿಗೆ ಕೆಲಸವಿಲ್ಲದ ಒಬ್ಬರನ್ನು ಕಂಪನಿ ತೆಗೆದುಕೊಳ್ಳಬೇಕಿತ್ತು.

ಹಾಗಾಗಿ ಕೇಳಲು ಸಂಕೋಚ ಬೇಡ. ಸಂಬಳವಿಲ್ಲದ ರಜೆ, ಅರ್ಧ ದಿನದ ಕೆಲಸ, ವಾರಕ್ಕೆ ಮೂರು ದಿನ, ಹೀಗೆ ಯಾವುದು ಸಾಧ್ಯ ಅಂತ ವಿಚಾರಿಸಿ. ಜೊತೆಗೆ ಮೂರು ಪ್ರಶ್ನೆ ಕೇಳಿ. ವಾಪಸ್ ಬಂದಾಗ ಇದೇ ಹುದ್ದೆ ಸಿಗುತ್ತಾ? ರಜೆಯಲ್ಲಿ ಆರೋಗ್ಯ ವಿಮೆ ಮುಂದುವರಿಯುತ್ತಾ? ಈ ಅವಧಿ ಸೇವೆಯ ಲೆಕ್ಕಕ್ಕೆ ಸೇರುತ್ತಾ? ಉತ್ತರವನ್ನು ಬರಹದಲ್ಲಿ ಪಡೆಯಿರಿ. ಬಾಯಿಮಾತಲ್ಲಿ ‘ಆಗುತ್ತೆ ಬಿಡಿ’ ಅಂದವರು ನೀವು ವಾಪಸ್ ಬರುವ ಹೊತ್ತಿಗೆ ಆ ಸೀಟಿನಲ್ಲಿ ಇಲ್ಲದೇ ಇರಬಹುದು.

ಹೆಜ್ಜೆ 3: ದುಡ್ಡಿನ ಲೆಕ್ಕ

ಇಲ್ಲಿ ನಿಧಾನಿಸಿ. ಹೆಚ್ಚಿನವರು ಒಂದು ತಿಂಗಳ ಖರ್ಚನ್ನು ಬಿಡುವಿನ ತಿಂಗಳುಗಳಿಂದ ಗುಣಿಸಿ ಸುಮ್ಮನಾಗುತ್ತಾರೆ. ಅಷ್ಟು ಸಾಲದು.

ಕಳೆದ 12 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಯಿರಿ. ವರ್ಷಕ್ಕೊಮ್ಮೆ ಬರುವ ವಿಮೆ ಕಂತು, ಮಕ್ಕಳ ಫೀಸು, ಗಾಡಿ ರಿಪೇರಿ ಎಲ್ಲ ಸೇರಿಸಿ 12ರಿಂದ ಭಾಗಿಸಿ. ಅದು ನಿಮ್ಮ ನಿಜವಾದ ತಿಂಗಳ ಖರ್ಚು. ಅದನ್ನು 100 ಅಂದುಕೊಳ್ಳೋಣ. 6 ತಿಂಗಳ ಬಿಡುವಿಗೆ 600. ಬಿಡುವು ಮುಗಿದ ಮರುದಿನವೇ ಯಾರೂ ಸಂಬಳ ಕೊಡುವುದಿಲ್ಲ, ಹುಡುಕಲು 4 ತಿಂಗಳು ಹಿಡಿಯಿತು ಅಂದರೆ ಇನ್ನೂ 400. ಅಚಾನಕ್ ಬರುವ ಕಷ್ಟಕ್ಕೆ 200. ಒಟ್ಟು 1200. ಅಂದರೆ 6 ತಿಂಗಳ ಬಿಡುವಿಗೆ 12 ತಿಂಗಳ ಖರ್ಚು ಕೈಯಲ್ಲಿ ಇರಬೇಕು. ನಿವೃತ್ತಿಗೆಂದು ಕೂಡಿಟ್ಟ ಹಣವನ್ನು ಇದಕ್ಕೆ ಸೇರಿಸಬೇಡಿ. ಬಿಡುವಿನಲ್ಲಿ ಆ ಖಾತೆಗೆ ಹೊಸದಾಗಿ ಹಣ ಹೋಗುವುದೂ ಇಲ್ಲ, ಹಾಗೆ ಹೋಗದೇ ಉಳಿದ ಹಣ ಮುಂದೆ ಬೆಳೆಯುವುದೂ ಇಲ್ಲ. ಅದೇ ಒಂದು ನಷ್ಟ.

ಕಂಪನಿ ವಿಮೆ ನಿಲ್ಲುವುದಾದರೆ ಸ್ವಂತ ವಿಮೆ ಮೊದಲೇ ಮಾಡಿಸಿಕೊಳ್ಳಿ. ಸಾಲ ಬೇಕಿದ್ದರೆ ಪೇಸ್ಲಿಪ್ ಬರುತ್ತಿರುವಾಗಲೇ ಅರ್ಜಿ ಹಾಕಿ, ಆದರೆ ಅದರ ಕಂತೂ ಮೇಲಿನ ಲೆಕ್ಕಕ್ಕೆ ಸೇರಬೇಕು. ಬೋನಸ್ ಯಾವ ತಿಂಗಳು ಬರುತ್ತದೆ ನೋಡಿ. ಎರಡು ವಾರ ಕಾಯ್ದರೆ ಸಿಗುವ ಹಣವನ್ನು ಆತುರಕ್ಕೆ ಕಳೆದುಕೊಳ್ಳಬೇಡಿ.

ಆಮೇಲೆ ಒಂದು ಪರೀಕ್ಷೆ. ಕೆಲಸದಲ್ಲಿ ಇರುವಾಗಲೇ 3 ತಿಂಗಳು, ಬಿಡುವಿನಲ್ಲಿ ಎಷ್ಟರಲ್ಲಿ ಬದುಕುತ್ತೀರೋ ಅಷ್ಟರಲ್ಲೇ ಬದುಕಿ. ಉಳಿದ ಸಂಬಳ ನೇರ ಉಳಿತಾಯಕ್ಕೆ ಹೋಗಲಿ. ನಾನು ಮೊದಲ ತಿಂಗಳು 20ನೇ ತಾರೀಖಿಗೇ ಸೋತೆ. ಲೆಕ್ಕ ತಿದ್ದಿಕೊಂಡೆ. ಆ ಸೋಲು ಸಂಬಳ ಇರುವಾಗಲೇ ಆದದ್ದು ಎಷ್ಟು ಒಳ್ಳೆಯದಾಯಿತು!

ಹೆಜ್ಜೆ 4: ಒಂದು ಮಂಗಳವಾರ ಬರೆಯಿರಿ

ಬಿಡುವಿನ ಮೊದಲ ವಾರವನ್ನು ಎಲ್ಲರೂ ಚೆನ್ನಾಗಿಯೇ ಕಲ್ಪಿಸಿಕೊಳ್ಳುತ್ತಾರೆ. ನೀವು ಮೂರನೇ ತಿಂಗಳ ಒಂದು ಮಂಗಳವಾರವನ್ನು ಬರೆಯಿರಿ. ಬೆಳಿಗ್ಗೆ 11ಕ್ಕೆ ಎಲ್ಲಿ ಇರುತ್ತೀರಿ? ಏನು ಮಾಡುತ್ತಿರುತ್ತೀರಿ? ಯಾರ ಜೊತೆ?

ನ್ಯೂಯಾರ್ಕ್‌ನ ವಿನ್ಯಾಸಕಾರ ಸ್ಟೆಫಾನ್ ಸಾಗ್‌ಮೈಸ್ಟರ್ ಪ್ರತಿ ಏಳು ವರ್ಷಕ್ಕೊಮ್ಮೆ ತಮ್ಮ ಸ್ಟುಡಿಯೊವನ್ನು ಒಂದು ವರ್ಷ ಮುಚ್ಚುತ್ತಿದ್ದರು. ಮೊದಲ ಸಲ ಯೋಜನೆಯೇ ಇಲ್ಲದೆ ಶುರುಮಾಡಿ, ಬೇರೆಯವರ ಸಣ್ಣಪುಟ್ಟ ಬೇಡಿಕೆಗಳಿಗೆ ಉತ್ತರಿಸುವುದರಲ್ಲೇ ದಿನ ಹೋಗುತ್ತಿತ್ತು ಎಂದು 2009ರ ಭಾಷಣವೊಂದರಲ್ಲಿ ಹೇಳಿದ್ದಾರೆ. ಕೊನೆಗೆ ಅವರು ಶಾಲೆಯ ಮಕ್ಕಳ ಹಾಗೆ ಟೈಮ್‌ಟೇಬಲ್ ಹಾಕಿಕೊಂಡರಂತೆ. ಗಂಟೆ ಗಂಟೆಗೂ ಲೆಕ್ಕ ಬೇಡ. ಆದರೆ ಮಂಗಳವಾರದ ಹಾಳೆ ಪೂರ್ತಿ ಖಾಲಿ ಉಳಿದರೆ ನಿಮಗೆ ಬೇಕಿರುವುದು ಎರಡು ವಾರದ ಒಳ್ಳೆ ರಜೆ ಇರಬಹುದು. ಮೊದಲು ಅದನ್ನು ತೆಗೆದುಕೊಂಡು ನೋಡಿ.

ಹೆಜ್ಜೆ 5: ಮನೆಯವರ ಜೊತೆ ಕೂತು ಮಾತಾಡಿ

ನಾನು ಎಡವಿದ್ದು ಇಲ್ಲೇ. ಬಿಡುವು ಶುರುವಾದ ಮೂರನೇ ದಿನ ಮನೆಯಲ್ಲಿ ಒಬ್ಬರು ‘ಹೇಗೂ ನೀನು ಮನೇಲೇ ಇರ್ತೀಯಲ್ಲ’ ಅಂದರು. ಆ ಒಂದು ಮಾತಿನ ಹಿಂದೆ ಎಲ್ಲರ ಕೆಲಸವೂ ನನ್ನ ತಲೆಗೆ ಬಂತು. ಕೊರಿಯರ್‌ಗೆ ಕಾಯುವುದು, ಪ್ಲಂಬರ್‌ಗೆ ಬಾಗಿಲು ತೆಗೆಯುವುದು, ಮಕ್ಕಳನ್ನು ಕರೆತರುವುದು. ಎರಡು ತಿಂಗಳು ಹಾಗೇ ಹೋಯಿತು. ಅಮ್ಮನ ಜೊತೆ ಕೂರಬೇಕು ಅಂತ ಬಿಡುವು ತೆಗೆದುಕೊಂಡವಳು ಅಮ್ಮನ ಜೊತೆ ಕೂತದ್ದೇ ಕಡಿಮೆ. ಯಾರ ತಪ್ಪೂ ಅಲ್ಲ. ನಾನು ಮೊದಲೇ ಹೇಳಿರಲಿಲ್ಲ.

ಯಾಕೆ ಬಿಡುವು, ಎಷ್ಟು ತಿಂಗಳು, ಯಾವ ಹೊತ್ತು ನನ್ನದು, ಯಾವ ಖರ್ಚು ನಿಲ್ಲುತ್ತದೆ: ಈ ನಾಲ್ಕನ್ನು ರಾಜೀನಾಮೆಗೆ ಮುಂಚೆಯೇ ಹೇಳಿಬಿಡಿ.

ಹೆಜ್ಜೆ 6: ವಾಪಸ್ ಬರುವ ದಾರಿ

ಬಿಡುವು ಉದ್ದವಾದಷ್ಟೂ ಮರಳುವುದು ಕಷ್ಟವಾಗಬಹುದು, ಇದನ್ನು ಮುಚ್ಚಿಡಬಾರದು. ನಿಮ್ಮ ಲೈಸೆನ್ಸ್ ಅಥವಾ ಸರ್ಟಿಫಿಕೇಟ್ ಯಾವಾಗ ಮುಗಿಯುತ್ತದೆ ನೋಡಿ. ಜೊತೆಗೆ ದುಡಿದ ಐದು ಜನರ ಹೆಸರು ಬರೆದಿಟ್ಟು, ಎರಡು ತಿಂಗಳಿಗೊಮ್ಮೆ ಮಾತಾಡಿಸಿ.

ರೆಸ್ಯೂಮೆಯಲ್ಲಿ ಗ್ಯಾಪ್ ಬೀಳುತ್ತದೆ ಅನ್ನುವ ಭಯ ಮೊದಲಿನಷ್ಟು ಬೇಡ. ಅಮೆರಿಕದ ಬ್ಯಾಂಕ್ ಗೋಲ್ಡ್‌ಮನ್ ಸ್ಯಾಕ್ಸ್ 2008ರಲ್ಲಿ, ಬಿಡುವು ಮುಗಿಸಿ ಬರುವವರಿಗೆಂದೇ ‘ರಿಟರ್ನ್‌ಶಿಪ್’ ಅನ್ನುವ ಸ್ವಲ್ಪ ಕಾಲದ, ಸಂಬಳವಿರುವ ಕೆಲಸದ ಏರ್ಪಾಡು ಶುರುಮಾಡಿತು. ಆಮೇಲೆ ಬೇರೆ ಕಂಪನಿಗಳೂ ಅದೇ ದಾರಿ ಹಿಡಿದವು. ಲಿಂಕ್ಡ್‌ಇನ್ 2022ರಿಂದ ಪ್ರೊಫೈಲ್‌ನಲ್ಲೇ ‘ಕರಿಯರ್ ಬ್ರೇಕ್’ ಎಂದು ತೋರಿಸಲು ಅವಕಾಶ ಕೊಟ್ಟಿದೆ. ಒಂದು ಸಾಲು ಸಾಕು: ಎಷ್ಟು ತಿಂಗಳು, ಯಾಕೆ. ಸಂದರ್ಶನದಲ್ಲಿ ನಾನು ‘8 ತಿಂಗಳು ಅಮ್ಮನನ್ನು ನೋಡಿಕೊಂಡೆ’ ಅಂದೆ. ಮುಂದಿನ ಪ್ರಶ್ನೆ ಕೆಲಸದ ಬಗ್ಗೆಯೇ ಇತ್ತು.

ಹೆಜ್ಜೆ 7: ತಾರೀಖು ಹಾಕಿ

ಇಷ್ಟೆಲ್ಲ ಮಾಡಿದ ಮೇಲೂ ನಿರ್ಧಾರ ಎಳೆದಾಡುತ್ತದೆ. ಅದಕ್ಕೇ ಒಂದು ತಾರೀಖು ಗೊತ್ತುಮಾಡಿ. ಅವತ್ತು ಮೂರು ಹಾಳೆ ಮುಂದಿಟ್ಟುಕೊಳ್ಳಿ: ಸುಸ್ತಿನ ಪಟ್ಟಿ, ದುಡ್ಡಿನ ಲೆಕ್ಕ, ಮಂಗಳವಾರ.

ಮೂರೂ ‘ಹೌದು’ ಅಂದರೆ ಪತ್ರ ಕಳಿಸಿ. ಕೊನೆಯ ದಿನದೊಳಗೆ ಅನುಭವ ಪತ್ರ, ಪೇಸ್ಲಿಪ್‌ಗಳು, ತೆರಿಗೆ ಕಾಗದಗಳನ್ನು ಪಡೆದುಕೊಳ್ಳಿ. ಕೆಲಸವನ್ನು ಮುಂದಿನವರಿಗೆ ಚೆನ್ನಾಗಿ ಒಪ್ಪಿಸಿ.

ದುಡ್ಡೊಂದೇ ‘ಇಲ್ಲ’ ಅಂದರೆ ಎಷ್ಟು ಕಡಿಮೆ ಇದೆ, ಕೂಡಿಸಲು ಎಷ್ಟು ತಿಂಗಳು ಬೇಕು ಅಂತ ಬರೆದು ಮುಂದಿನ ತಾರೀಖು ಹಾಕಿ. ಉಳಿದ ಎರಡರಲ್ಲಿ ಒಂದು ‘ಇಲ್ಲ’ ಅಂದರೂ ಈಗ ಬೇಡ. ಡ್ರಾಫ್ಟ್‌ನಲ್ಲಿರುವ ಪತ್ರವನ್ನು ಅಳಿಸಿಬಿಡಿ, 6 ತಿಂಗಳು ಬಿಟ್ಟು ಮತ್ತೆ ಈ ಹಾಳೆಗಳನ್ನು ತೆರೆಯಿರಿ. ಅಲ್ಲಿಯವರೆಗೆ ರಾತ್ರಿ ಹೊತ್ತು ನೆಮ್ಮದಿಯಾಗಿ ನಿದ್ದೆ ಮಾಡಿ.