ಆಣೆ ಮಾಡಬಾರದಿತ್ತು

ನಾನು ಆಪ್ತ ಸಮಾಲೋಚಕಿಯಾಗಿ ಕೆಲಸಕ್ಕೆ ಸೇರಿದ್ದು ತುಂಗಭದ್ರೆಯ ದಡದ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ, 10ರಿಂದ 19 ವರ್ಷದವರಿಗಾಗಿ ನಡೆಯುವ ಸ್ನೇಹ ಕ್ಲಿನಿಕ್‌ಗೆ. ಕೊಟ್ಟ ಕೋಣೆಯ ಒಂದು ಪಕ್ಕಕ್ಕೆ ಮಾತ್ರೆ ಕೊಡುವ ಕಿಟಕಿ, ಇನ್ನೊಂದು ಪಕ್ಕಕ್ಕೆ ಎಚ್‌ಐವಿ ಪರೀಕ್ಷೆಯ ಐಸಿಟಿಸಿ. ಬಾಗಿಲ ಮೇಲೆ ‘ಆಪ್ತ ಸಮಾಲೋಚನಾ ಕೊಠಡಿ’ ಎಂದು ದಪ್ಪಕ್ಷರದಲ್ಲಿ ಬರೆಸಿದ್ದರು. ಕೆಳಗೆ ‘ಸೇವೆ ಉಚಿತ, ಗೌಪ್ಯತೆ ಕಾಪಾಡಲಾಗುವುದು’ ಎಂದು ಇನ್ನೊಂದು ಸಾಲು. ಮೊದಲ 20 ದಿನಗಳಲ್ಲಿ ಬಂದವರು ಮೂವರು. ಅವರಲ್ಲಿ ಒಬ್ಬ ಶೌಚಾಲಯ ಎಲ್ಲಿದೆ ಎಂದು ಕೇಳಲು ಬಂದವನು.

ಕಾರಣ ಹೇಳಿದವರು ಕಸ ಗುಡಿಸುವ ಅಮ್ಮ. ‘ಈ ಸಾಲಿನಲ್ಲಿ ಸಮಾಲೋಚನೆ ಎಂದರೆ ಜನಕ್ಕೆ ಒಂದೇ ಕಾಯಿಲೆ ಗೊತ್ತು ಮೇಡಂ. ಇಲ್ಲಿಗೆ ಹೆಣ್ಣುಮಕ್ಕಳು ಬರುತ್ತಾರೆಯೇ?’ ಎಂದರು. ಅವರು ಹೇಳಿದ ಮೇಲೆ ನೋಡಿದರೆ ಮಾತ್ರೆ ಕಿಟಕಿಯ ಮುಂದಿನ ಸರತಿಯಲ್ಲಿ ಪ್ರತಿ ಊರಿನವರೂ ಒಬ್ಬೊಬ್ಬರಿದ್ದರು. ನನ್ನ ಬಾಗಿಲು ಹೊಕ್ಕ ಹುಡುಗಿ ಬಸ್ ಹತ್ತುವ ಮೊದಲೇ ಸುದ್ದಿ ಅವಳ ಮನೆ ಮುಟ್ಟಿರುತ್ತಿತ್ತು.

ಬೋರ್ಡನ್ನು ‘ಹದಿಹರೆಯದವರ ಆರೋಗ್ಯ ತಪಾಸಣೆ’ ಎಂದು ಬದಲಿಸಿದೆ. ತೂಕದ ಯಂತ್ರ, ಎತ್ತರ ಅಳೆಯುವ ಪಟ್ಟಿ, ಕಬ್ಬಿಣಾಂಶದ ನೀಲಿ ಮಾತ್ರೆಯ ಡಬ್ಬ ಎಲ್ಲವನ್ನೂ ಒಳಗೆ ತರಿಸಿಕೊಂಡೆ. ಈಗ ಯಾರಾದರೂ ಕೇಳಿದರೆ ಮಕ್ಕಳಿಗೆ ಹೇಳಲು ಒಂದು ನೆಪವಿತ್ತು, ಅದೂ ಸುಳ್ಳಲ್ಲದ ನೆಪ: ಬಂದವರನ್ನೆಲ್ಲ ನಾನು ನಿಜವಾಗಿಯೂ ತೂಗುತ್ತೇನೆ. ಕುರ್ಚಿಯನ್ನು ತಿರುಗಿಸಿ ಹಾಕಿದೆ. ಬಾಗಿಲು ತೆರೆದವರಿಗೆ ನನ್ನ ಮುಖ ಕಾಣಬೇಕು, ಕುಳಿತ ಮಗುವಿನ ಬೆನ್ನು ಮಾತ್ರ. ಫ್ಯಾನು ಕಟಕಟ ಸದ್ದು ಮಾಡುತ್ತಿತ್ತು. ರಿಪೇರಿಗೆ ಬಂದ ಎಲೆಕ್ಟ್ರಿಷಿಯನ್‌ನನ್ನು ಎರಡು ಸಲ ಹಿಂದಕ್ಕೆ ಕಳಿಸಿದ್ದೇನೆ. ಆ ಸದ್ದು ಇರುವವರೆಗೆ ಒಳಗಿನ ಮಾತು ಸರತಿಗೆ ಕೇಳುವುದಿಲ್ಲ.

ರಿಜಿಸ್ಟರ್ ಇನ್ನೊಂದು ಕಂಟಕ. ಹೆಸರು, ವಯಸ್ಸು, ಊರು, ಸಮಸ್ಯೆ ಎಂದು ನಾಲ್ಕು ಕಾಲಂ, ಎಲ್ಲರ ಕೈಗೂ ಸಿಗುವಂತೆ ಮೇಜಿನ ಮೇಲೆ. ತಿಂಗಳ ವರದಿಗೆ ಬೇಕಾಗುವುದು ಎಷ್ಟು ಹುಡುಗರು, ಎಷ್ಟು ಹುಡುಗಿಯರು, ಯಾವ ಬಗೆಯ ತೊಂದರೆ ಎಂಬ ಲೆಕ್ಕವಷ್ಟೇ. ಹಾಗಾಗಿ ಹೊರಗಿನ ಪುಸ್ತಕದಲ್ಲಿ ಕ್ರಮಸಂಖ್ಯೆ ಮಾತ್ರ ಬರೆದು, ಹೆಸರುಗಳ ನೋಟ್‌ಬುಕ್ಕನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಮೊದಮೊದಲು ಹೊರಗಿನ ಪುಸ್ತಕದ ಸಮಸ್ಯೆಯ ಕಾಲಂನಲ್ಲಿ ‘ಇತರೆ’ ಎಂದೇ ಬರೆಯುತ್ತಿದ್ದೆ. ನಿಮ್ಮ ತಾಲ್ಲೂಕಿನಲ್ಲಿ ಎಲ್ಲರಿಗೂ ಇತರೆಯೇ ಏನು ಎಂದು ಮೇಲಿನವರು ಒಂದು ಸಭೆಯಲ್ಲಿ ಕೇಳಿ ಎಲ್ಲರನ್ನೂ ನಗಿಸಿದರು.

ಹುಡುಗರು ಬರತೊಡಗಿದರು, ಆದರೆ ಬಾಯಿ ಬಿಡುತ್ತಿರಲಿಲ್ಲ. ಪಿಯುಸಿಯ ಒಬ್ಬ ಹುಡುಗ (ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ) ಮೂರು ಸಲ ಬಂದು ಮೂರು ಸಲವೂ ತಲೆನೋವು ಎಂದ. ನಾಲ್ಕನೆಯ ಸಲ ಅವನ ಮುಂದೆ ಒಂದು ಖಾಲಿ ಹಾಳೆ, ಪೆನ್ನು ಇಟ್ಟು, ‘ಹೇಳಲು ಆಗದಿದ್ದರೆ ಬರೆ. ಓದಿ ನಿನಗೇ ವಾಪಸ್ ಕೊಡುತ್ತೇನೆ’ ಎಂದು ಹೇಳಿ ಕಿಟಕಿಯತ್ತ ತಿರುಗಿ ಕುಳಿತೆ. ಹೊರಗೆ ಆಂಬುಲೆನ್ಸ್ ಚಾಲಕ ಗಾಡಿ ತೊಳೆಯುತ್ತಿದ್ದ. ಅವನು ಬಾನೆಟ್ಟಿನಿಂದ ಹಿಂದಿನ ಚಕ್ರದವರೆಗೆ ತೊಳೆದು ಮುಗಿಸುವಷ್ಟು ಹೊತ್ತು ಹುಡುಗ ಬರೆದ. ಬರೆದದ್ದು ಒಂದೇ ಸಾಲು: ‘ಧಾತು ಹೋಗುತ್ತಿದೆ, ನಾನು ಗಂಡಸಾಗಿ ಉಳಿಯುವುದಿಲ್ಲ.’

ಲಾಡ್ಜಿನಲ್ಲಿ ಕುಳಿತು ಗುಪ್ತರೋಗಕ್ಕೆ ಔಷಧಿ ಕೊಡುವವನೊಬ್ಬನಿಗೆ ಆ ಮಗು ಕಾಲೇಜು ಶುಲ್ಕದ ಹಣ ಕೊಟ್ಟು ಬಂದಿತ್ತು. ನಿದ್ದೆಯಲ್ಲಿ ವೀರ್ಯ ಹೋಗುವುದು ಈ ವಯಸ್ಸಿನಲ್ಲಿ ಸಹಜ, ಅದರಿಂದ ಶಕ್ತಿ ಕುಂದುವುದಿಲ್ಲ ಎಂದು ವಿವರಿಸಲು ಕಾಲು ಗಂಟೆ ಸಾಕಾಯಿತು. ನಂಬಿಸಲು ಮಾತ್ರ ವೈದ್ಯರಿಂದಲೂ ಅದೇ ಮಾತನ್ನು ಹೇಳಿಸಬೇಕಾಯಿತು. ಹಾಳೆಯನ್ನು ಅವನಿಗೇ ಕೊಟ್ಟೆ. ಚೂರುಚೂರು ಮಾಡಿ ಜೇಬಿಗೆ ಹಾಕಿಕೊಂಡ, ನನ್ನ ಕಸದ ಬುಟ್ಟಿಯನ್ನೂ ನಂಬಲಿಲ್ಲ. ಆ ಎಚ್ಚರಿಕೆ ನನಗೆ ಇಷ್ಟವಾಯಿತು. ಅಂದಿನಿಂದ ಖಾಲಿ ಹಾಳೆ ಮೇಜಿನ ಮೇಲೆ ಇದ್ದೇ ಇರುತ್ತದೆ.

ನಾನು ಎಡವಿದ್ದು ಗುಟ್ಟಿನ ವಿಷಯದಲ್ಲೇ. ಹತ್ತನೆಯ ತರಗತಿಯ ಹುಡುಗಿ, 15 ವರ್ಷ. ‘ಯಾರಿಗೂ ಹೇಳುವುದಿಲ್ಲ ಎಂದು ಆಣೆ ಮಾಡಿ’ ಎಂದಳು. ಮಾಡಿದೆ. ಆಗ ಹೇಳಿದಳು: ಪರೀಕ್ಷೆ ಮುಗಿದ ವಾರಕ್ಕೆ ಸೋದರಮಾವನ ಜೊತೆ ಮದುವೆ, ಸೀರೆ ಜವಳಿ ಎಲ್ಲ ಬಂದಿದೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಇದೆ. ಕರ್ನಾಟಕದ ತಿದ್ದುಪಡಿಯ ನಂತರ ಇಲ್ಲಿ ಅಂಥ ಮದುವೆ ಮೊದಲಿಗೇ ಅಸಿಂಧು. ಎಲ್ಲ ಗೊತ್ತಿದ್ದೂ ಆಣೆ ಮಾಡಿದ್ದೆ. ಎರಡು ರಾತ್ರಿ ನಿದ್ದೆ ಬರಲಿಲ್ಲ. ಮೂರನೆಯ ದಿನ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದೆ, ಶಿಶು ಅಭಿವೃದ್ಧಿ ಯೋಜನಾಧಿಕಾರಿಗೂ ತಿಳಿಸಿದೆ. ಅಧಿಕಾರಿಗಳು ಮನೆಗೆ ಹೋಗಿ ತಂದೆತಾಯಿಯಿಂದ ಮುಚ್ಚಳಿಕೆ ಬರೆಸಿಕೊಂಡರು. ಮದುವೆ ನಿಂತಿತು.

ಹದಿನೈದು ದಿನಗಳ ಮೇಲೆ ಆಶಾ ಕಾರ್ಯಕರ್ತೆಯ ಜೊತೆ ರಕ್ತ ಪರೀಕ್ಷೆಗೆ ಬಂದಿದ್ದವಳು ಗೇಟಿನ ಹತ್ತಿರ ಸಿಕ್ಕಳು. ‘ಆಣೆ ಮಾಡಿದ್ದಿರಲ್ಲ ಮೇಡಂ’ ಎಂದಳು, ಅಷ್ಟೇ. ಮತ್ತೆ ನನ್ನ ಕೋಣೆಗೆ ಬರಲಿಲ್ಲ, ಅವಳ ಊರಿನ ಬೇರೆ ಹುಡುಗಿಯರೂ ಬಹಳ ದಿನ ಬರಲಿಲ್ಲ. ಅಧಿಕಾರಿಗಳಿಗೆ ತಿಳಿಸಿದ್ದಕ್ಕೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಆದರೆ ಆ ಆಣೆ ನಾನು ಮಾಡಬಾರದ್ದಾಗಿತ್ತು. ಕರೆ ಮಾಡುವ ಮೊದಲು ಅವಳಿಗೆ ಒಂದು ಮಾತು ತಿಳಿಸದೆ ಇದ್ದದ್ದು ಅದಕ್ಕಿಂತ ದೊಡ್ಡ ತಪ್ಪು.

ಆ ಮೇಲೆ ನಾನು ಮಾತಿನ ಕ್ರಮವನ್ನೇ ಬದಲಿಸಿದೆ. ತೂಕ ನೋಡಿ, ಕುರ್ಚಿಯಲ್ಲಿ ಕೂರಿಸಿ, ಅವರು ಏನನ್ನೂ ಹೇಳುವ ಮೊದಲೇ ಹೇಳುತ್ತೇನೆ: ‘ನೀನು ಹೇಳಿದ್ದು ನಿಮ್ಮ ಮನೆಗೆ, ಶಾಲೆಗೆ, ಈ ಆಸ್ಪತ್ರೆಯ ಬೇರೆಯವರಿಗೆ ಹೋಗುವುದಿಲ್ಲ. ಮೂರು ವಿಷಯ ಮಾತ್ರ ನಾನು ಇಟ್ಟುಕೊಳ್ಳಲಾರೆ. ನಿನ್ನ ಜೀವಕ್ಕೆ ಅಪಾಯವಿದ್ದರೆ. ಯಾರಾದರೂ ನಿನ್ನ ಮೇಲೆ ದೌರ್ಜನ್ಯ ಮಾಡುತ್ತಿದ್ದರೆ, ಇಲ್ಲವೇ 18 ತುಂಬುವ ಮೊದಲೇ ಮದುವೆ ಮಾಡುತ್ತಿದ್ದರೆ. ಇನ್ನೊಬ್ಬರ ಜೀವಕ್ಕೆ ಅಪಾಯವಿದ್ದರೆ. ಆಗಲೂ ಯಾರಿಗೆ, ಎಷ್ಟು ಹೇಳುತ್ತೇನೆ ಎಂದು ಮೊದಲು ನಿನಗೆ ತಿಳಿಸುತ್ತೇನೆ.’

ಇದನ್ನು ಕೇಳಿ ಮಕ್ಕಳು ಎದ್ದು ಹೋಗುತ್ತಾರೆ ಎಂದು ಹೆದರಿದ್ದೆ. ಹೋದವರು ಕಡಿಮೆ. ಆದರೆ ಎರಡನೆಯ ವಿಷಯ ಎಷ್ಟು ತೊಡಕಿನದು ಎಂಬುದನ್ನು ಮುಚ್ಚಿಡಬಾರದು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ಅಪರಾಧದ ವಿಷಯ ತಿಳಿದ ಯಾರೇ ಆಗಲಿ ವರದಿ ಮಾಡಲೇಬೇಕು, 18ರ ಒಳಗಿನವರ ಒಪ್ಪಿಗೆ ಲೆಕ್ಕಕ್ಕಿಲ್ಲ. 17 ವರ್ಷದ ಹುಡುಗಿ ಸಹಪಾಠಿಯೊಂದಿಗಿನ ಪ್ರೀತಿಯ ಬಗ್ಗೆ ಹೇಳಲು ಬಂದರೂ ಇದೇ ಕಾನೂನು ನಮ್ಮಿಬ್ಬರ ನಡುವೆ ಬಂದು ಕೂರುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಗರ್ಭಪಾತಕ್ಕೆ ಬಂದ ಅಪ್ರಾಪ್ತೆ ಮತ್ತು ಅವಳ ಪೋಷಕರು ಕೋರಿದರೆ ವೈದ್ಯರು ಪೊಲೀಸರಿಗೆ ಅವಳ ಗುರುತು ಹೇಳಬೇಕಿಲ್ಲ ಎಂದಿತು. ಅದು ವೈದ್ಯರ ಮಟ್ಟಿಗೆ ಹೇಳಿದ ಮಾತು. ನನ್ನ ಮುಂದೆ ಕುಳಿತವಳಿಗೆ ನಾನು ಕಾನೂನನ್ನು ಇದ್ದಂತೆ ಹೇಳುತ್ತೇನೆ, ಎಷ್ಟು ಹೇಳಬೇಕೆಂದು ಅವಳೇ ತೀರ್ಮಾನಿಸುತ್ತಾಳೆ. ಕೆಲವರು ಅಲ್ಲಿಗೇ ನಿಲ್ಲಿಸುತ್ತಾರೆ. ಅವರಿಗೆ ನನ್ನಿಂದ ಆಗಬಹುದಾಗಿದ್ದ ಸಹಾಯ ಆಗಲಿಲ್ಲ ಎಂಬ ಕೊರಗು ನನಗಿದೆ.

ಸಾಯುವ ಮಾತನ್ನು ಮಾತ್ರ ನಾನೇ ಎತ್ತುತ್ತೇನೆ. ‘ಬದುಕುವುದು ಬೇಡ ಅನ್ನಿಸುತ್ತದೆಯೇ?’ ಎಂದು ನೇರವಾಗಿ ಕೇಳುತ್ತೇನೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ಉಪಾಧ್ಯಾಯರಿಗೂ ಇದೆ. ಕೇಳಿದ ಮೇಲೆ ನಾನು ಕಂಡದ್ದು ಮಕ್ಕಳು ನಿಟ್ಟುಸಿರು ಬಿಡುವುದನ್ನು. ಹೌದು ಎಂದವರನ್ನು ಒಂಟಿಯಾಗಿ ಮನೆಗೆ ಕಳಿಸುವುದಿಲ್ಲ. ಅವರೇ ಹೇಳಿದ ಒಬ್ಬ ದೊಡ್ಡವರನ್ನು ಕರೆಸುತ್ತೇನೆ. ಅಪ್ಪ ಬೇಡವೆಂದರೆ ಅತ್ತೆ, ಅತ್ತೆ ಬೇಡವೆಂದರೆ ಅಜ್ಜಿ. ಅಂದೇ ವೈದ್ಯರಿಗೆ ತೋರಿಸುತ್ತೇನೆ, ಮಂಗಳವಾರದ ಮನೋಚೈತನ್ಯ ಕ್ಲಿನಿಕ್‌ಗೆ ಮನೋವೈದ್ಯರು ಬಂದಾಗ ಅವರಿಗೂ.

ಅಪ್ಪಂದಿರು ಬರುತ್ತಾರೆ. ‘ನನ್ನ ಮಗಳು ಏನು ಹೇಳಿದಳು?’ ಎಂದು ಬಾಗಿಲಲ್ಲೇ ಕೇಳುತ್ತಾರೆ. ಅದಕ್ಕೇ ಮಗು ಎದ್ದು ಹೋಗುವ ಮೊದಲು ‘ಮನೆಯವರು ಕೇಳಿದರೆ ಏನು ಹೇಳಲಿ?’ ಎಂದು ಕೇಳಿಟ್ಟುಕೊಳ್ಳುತ್ತೇನೆ. ಸುಳ್ಳು ಹೇಳಲು ನಾನು ಒಪ್ಪುವುದಿಲ್ಲ, ಆದ್ದರಿಂದ ಇಬ್ಬರೂ ಕೂತು ಒಂದು ನಿಜವಾದ ವಾಕ್ಯವನ್ನು ಹುಡುಕುತ್ತೇವೆ. ಒಬ್ಬಳದ್ದು ‘ರಾತ್ರಿ ಸರಿಯಾಗಿ ನಿದ್ದೆ ಬರುತ್ತಿಲ್ಲ, ವಾರಕ್ಕೊಮ್ಮೆ ಬರಲು ಹೇಳಿದ್ದೇನೆ’ ಎಂದಿತ್ತು. ಆ ತಂದೆ ಅಷ್ಟಕ್ಕೇ ತೃಪ್ತರಾಗಿ ಮಗಳಿಗೆ ಹಾಲು ಕುಡಿಸಬೇಕೇ ಎಂದು ಕೇಳಿದರು.

ರಾತ್ರಿಯ ಹೊತ್ತಿಗೆ 14416 ಕೊಡುತ್ತೇನೆ. 2022ರ ಅಕ್ಟೋಬರ್ 10ರಂದು ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ಕರೆ ಉಚಿತ, ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಚೀಟಿಯಲ್ಲಿ ಬರೆದುಕೊಟ್ಟರೆ ಯಾರೂ ಕರೆ ಮಾಡುವುದಿಲ್ಲ. ಮೊದಲ ಕರೆಯನ್ನು ನನ್ನ ಕೋಣೆಯಿಂದಲೇ, ಸ್ಪೀಕರ್ ಹಾಕಿ, ಭಾಷೆ ಆರಿಸುವುದನ್ನು ತೋರಿಸಿ ಮಾಡಿಸುತ್ತೇನೆ. ಅಣ್ಣಂದಿರು ಫೋನ್ ತೆರೆದು ನೋಡುವ ಮನೆಗಳಲ್ಲಿ ನಂಬರಿಗೆ ಬೇರೆ ಹೆಸರು ಬೇಕು. ಒಬ್ಬಳು ‘ಲೆಕ್ಕದ ಮೇಡಂ’ ಎಂದು ಉಳಿಸಿಕೊಂಡಳು. 19 ದಾಟಿದವರನ್ನು ಜಿಲ್ಲಾ ಕೇಂದ್ರದ ಯುವ ಸ್ಪಂದನಕ್ಕೆ ಕಳಿಸುತ್ತಿದ್ದೆ. ನಿಮ್ಹಾನ್ಸ್ ನೆರವಿನಿಂದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಆರಂಭಿಸಿದ, ಯುವಜನರ ಸಮಾಲೋಚನಾ ಕೇಂದ್ರ ಅದು. ಕ್ರೀಡಾ ಇಲಾಖೆಯ ಕಚೇರಿಗೆ ಹೋಗಿದ್ದೆ ಎಂದರೆ ಮನೆಯಲ್ಲಿ ಯಾರೂ ಮತ್ತೊಂದು ಪ್ರಶ್ನೆ ಕೇಳುತ್ತಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಒಬ್ಬಳು ನನ್ನ ಮೂರು ವಿಷಯಗಳನ್ನು ಬೆರಳು ಮಡಿಸಿ ಎಣಿಸಿಕೊಂಡು, ‘ಎರಡನೆಯದಕ್ಕೆ ಸೇರುವಂಥದ್ದನ್ನು ನನ್ನ ಗೆಳತಿ ಹೇಳಿದರೆ, ಅವತ್ತೇ ಫೋನ್ ಮಾಡುತ್ತೀರಾ?’ ಎಂದು ಕೇಳಿದಳು. ‘ಮಾಡಲೇಬೇಕಾಗುತ್ತದೆ. ಆದರೆ ಅವಳ ಎದುರಿಗೇ ಮಾಡುತ್ತೇನೆ, ಪೊಲೀಸರು ಬಂದರೆ ಅವಳ ಪಕ್ಕದಲ್ಲೇ ಕೂರುತ್ತೇನೆ’ ಎಂದೆ. ಬಹಳ ಹೊತ್ತು ಫ್ಯಾನು ನೋಡುತ್ತಾ ಕುಳಿತಿದ್ದಳು. ನಾನೂ ಸುಮ್ಮನಿದ್ದೆ. ಎದ್ದು ಬ್ಯಾಗು ಹೆಗಲಿಗೆ ಹಾಕಿಕೊಂಡು ಬಾಗಿಲವರೆಗೆ ಹೋದವಳು ಮತ್ತೆ ಬಂದು ಅದೇ ಕುರ್ಚಿಯಲ್ಲಿ ಕುಳಿತಳು.

‘ಗೆಳತಿ ಅಲ್ಲ ಮೇಡಂ’ ಎಂದಳು.